ಪದ್ಮಿನಿಗೆ ಹೊಸ ಕಾರ್ಬೊರೇಟರ್ ಹಾಕಿದ ಮೇಲೆ

ಹೊಸ ಕಾರ್ಬೊರೇಟರ್ ಕೂರಿಸಿದ ದಿನ ಕಾರು ಅರ್ಧ ಸುತ್ತಿಗೇ ಸ್ಟಾರ್ಟ್ ಆಯಿತು. ನಮ್ಮ ಮನೆಯ 1986ರ ಪದ್ಮಿನಿ ಅಷ್ಟು ಸಲೀಸಾಗಿ ಎದ್ದು ವರ್ಷಗಳೇ ಆಗಿದ್ದವು. ಸದ್ದು ಕೇಳಿ ಅಮ್ಮ ಅಡುಗೆಮನೆಯಿಂದ ಜಗಲಿಗೆ ಬಂದು ನಿಂತರು. ಗೇಟು ದಾಟಿಸಿ, ಹಾಸನದ ಬಿ.ಎಂ. ರಸ್ತೆಗೆ ತಿರುಗುವ ಮುನ್ನ ಬ್ರೇಕ್ ಮೇಲೆ ಕಾಲಿಟ್ಟೆ. ಆಕ್ಸಿಲರೇಟರ್ ಬಿಟ್ಟದ್ದೇ ತಡ, ಎಂಜಿನ್ ಬಂದ್. ಮತ್ತೆ ಸ್ಟಾರ್ಟ್ ಮಾಡಿದೆ. ಕಾಲು ತೆಗೆದ ಕೂಡಲೇ ಮತ್ತೆ ಬಂದ್. ಹಿಂದೆ ಬಸ್ಸಿನ ಹಾರ್ನ್. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ತಳ್ಳಿ ಪಕ್ಕಕ್ಕೆ ಹಾಕಿಕೊಟ್ಟರು.

ಅಲ್ಲಿಂದ ಮೂರು ತಿಂಗಳು ಅಂಗೈಯಗಲದ ಆ ಲೋಹದ ತುಂಡಿನ ಬೆನ್ನು ಹತ್ತಿದೆ. ಹಳೆಯ ಕಾರು ಇಟ್ಟುಕೊಂಡ ಬಹಳ ಜನ ಇದೇ ದಾರಿಯಲ್ಲಿ ಬರುತ್ತಾರೆ. ಕಾರು ಮೈಲೇಜ್ ಕೊಡುತ್ತಿಲ್ಲ, ಮಿಸ್ಸಿಂಗ್ ಹೊಡೆಯುತ್ತಿದೆ, ಕಾಲು ತೆಗೆದಾಗ ಸ್ಲೋ ಸ್ಪೀಡ್ ನಿಲ್ಲುತ್ತಿಲ್ಲ ಎಂದಾಗ ‘ಹೊಸ ಕಾರ್ಬೊರೇಟರ್ ಹಾಕಿಬಿಡಿ’ ಎಂಬ ಸಲಹೆ ಬರುತ್ತದೆ. ಹಾಕಿಸುತ್ತಾರೆ. ಒಂದು ತೊಂದರೆ ಹೋಗಿ ನಾಲ್ಕು ಬರುತ್ತವೆ. ಅಷ್ಟರಲ್ಲಿ ಹಳೆಯದು ಗುಜರಿ ಸೇರಿರುತ್ತದೆ. ಈ ಕೊನೆಯ ಮಾತೇ ನನ್ನನ್ನು ಕಾಡುವುದು, ಇದನ್ನು ಬರೆಯಲು ಕೂತದ್ದೂ ಅದಕ್ಕಾಗಿಯೇ. ಆ ಎಂಜಿನ್ನಿಗೆ ಏನು ಒಗ್ಗುತ್ತದೆ ಎಂಬುದರ ದಾಖಲೆ ಇರುವುದು ಕಳಚಿಟ್ಟ ಆ ಹಳೆಯ ಕಾರ್ಬೊರೇಟರಿನಲ್ಲಿ. ಬೇರೆಲ್ಲೂ ಇಲ್ಲ.

ನಮ್ಮದನ್ನು ಬದಲಿಸಲು ಕಾರಣವಿತ್ತು. ಕಾರ್ಬೊರೇಟರಿನ ಬುಡದಲ್ಲಿ ಬಟರ್‌ಫ್ಲೈ ಎಂಬ ದುಂಡನೆಯ ತಗಡು ಇರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ತಿರುಗಿ ಗಾಳಿಗೆ ದಾರಿ ಬಿಡುವುದು ಅದೇ. ಅದನ್ನು ಹೊತ್ತ ಸ್ಪಿಂಡಲ್ ಕಂಬಿ ಮೂವತ್ತು ಚಿಲ್ಲರೆ ವರ್ಷ ತಿರುಗಿ ತಿರುಗಿ ತನ್ನ ತೂತನ್ನೇ ಮೊಟ್ಟೆಯಾಕಾರಕ್ಕೆ ಸವೆಸಿತ್ತು. ಎರಡು ಬೆರಳಲ್ಲಿ ಹಿಡಿದು ಅಲುಗಿಸಿದರೆ ಲಟಲಟ ಎನ್ನುತ್ತಿತ್ತು. ಆ ಸಂದಿಯಿಂದ ಬೇಡದ ಗಾಳಿ ನುಗ್ಗುತ್ತಿತ್ತು. ಬೆಳಿಗ್ಗೆ ಕೂರಿಸಿದ ಸ್ಲೋ ಸ್ಪೀಡ್ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.

ಕಾರ್ಬೊರೇಟರ್ ಮಾಡುವ ಕೆಲಸ ಕೇಳಲು ಸರಳ. ಎಂಜಿನ್ ಎಳೆದುಕೊಳ್ಳುವ ಗಾಳಿ ಒಂದು ಕಿರಿದಾದ ಕತ್ತಿನ ಮೂಲಕ ಹಾದುಹೋಗುತ್ತದೆ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇಟಲಿಯ ವೆಂಚುರಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿವರಿಸಿದ ಸಂಗತಿ ಇದು, ಹಾಗಾಗಿ ಆ ಕತ್ತಿಗೂ ಅವನದೇ ಹೆಸರು. ಒತ್ತಡ ಇಳಿದ ಜಾಗಕ್ಕೆ ಪಕ್ಕದ ಪುಟ್ಟ ತೊಟ್ಟಿಯಿಂದ ಪೆಟ್ರೋಲ್ ಜೆಟ್ ಎಂಬ ಹಿತ್ತಾಳೆ ತೂತಿನ ಮೂಲಕ ಏರಿ ಬಂದು ತುಂತುರಾಗಿ ಬೆರೆಯುತ್ತದೆ. ಹದ ಎಷ್ಟಿರಬೇಕು? ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರ್ ಪೆಟ್ರೋಲಿಗೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ. ಪದ್ಮಿನಿಯ 1089 ಸಿಸಿ ಎಂಜಿನ್ ಜೋರಾಗಿ ಓಡುವಾಗ ನಿಮಿಷಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ಗಾಳಿ ಕುಡಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಅದರ ಸಣ್ಣ ಪಾಲು ಸಾಕು. ಈ ಎರಡೂ ತುದಿಯಲ್ಲಿ, ಚಳಿಯಲ್ಲಿ, ಬಿಸಿಲಿನಲ್ಲಿ, ಏರಿನಲ್ಲಿ ಹದ ತಪ್ಪದಂತೆ ನೋಡಿಕೊಳ್ಳಲು ಅದಕ್ಕಿರುವುದು ಕೆಲವು ಹಿತ್ತಾಳೆ ತೂತುಗಳು, ಒಂದು ಫ್ಲೋಟ್, ಒಂದೆರಡು ಸ್ಪ್ರಿಂಗ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ಹಾಗಾಗಿ ತೂತಿನ ಅಳತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಾರಿಗೆ ಗೊತ್ತಾಗುತ್ತದೆ.

ಪದ್ಮಿನಿ ಮೂಲತಃ ಇಟಲಿಯ ಫಿಯೆಟ್ 1100. ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಅದನ್ನು ಮುಂಬೈಯ ಕುರ್ಲಾದಲ್ಲಿ ದಶಕಗಳ ಕಾಲ ತಯಾರಿಸಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಉಳಿದಿದ್ದ ಪದ್ಮಿನಿಗಳ ಕೊನೆಯದೂ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ನಮ್ಮ ಕಾರಿನದು ಸೋಲೆಕ್ಸ್ ಮಾದರಿಯ ಕಾರ್ಬೊರೇಟರ್, ಮೂಲ ಫ್ರಾನ್ಸಿನದು. ಈಗ ಹೊಸದಾಗಿ ಸಿಗುವುದು ಅದನ್ನು ನೋಡಿ ಎರಕ ಹೊಯ್ದ ನಕಲುಗಳು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ಅಲೆದು ಅಂಥದೊಂದನ್ನು ತಂದೆ. ಡಬ್ಬಿಯ ಮೇಲೆ ನಮ್ಮ ಕಾರಿನ ಹೆಸರಿತ್ತು. ಒಳಗೆ ಮಿರಿಮಿರಿ ಮಿಂಚುವ ಮಾಲು. ಹಳೆಯದರ ಪಕ್ಕ ಇಟ್ಟರೆ ಅವಳಿಜವಳಿಯಂತೆ ಕಂಡಿತು. ತೊಂದರೆಗಳೆಲ್ಲ ಶುರುವಾದದ್ದು ಆ ‘ಕಂಡಿತು’ ಎಂಬಲ್ಲಿ.

ಮರುದಿನ ಅಪ್ಪನ ಕಾಲದ ಮೇಸ್ತ್ರಿಯವರ ಬಳಿ ಹೋದೆ. ಎಪ್ಪತ್ತು ದಾಟಿದ ಅವರು ಗ್ಯಾರೇಜನ್ನು ಮಗನಿಗೆ ಬಿಟ್ಟು ನೆರಳಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತಿರುತ್ತಾರೆ. ಬಾನೆಟ್ ಎತ್ತಿದ ಮೇಲೆ ಕಾರ್ಬೊರೇಟರಿಗೆ ಕೈ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿಚ್ಚಿಸಿದರು.

‘ಮೊದ್ಲು ಕರೆಂಟು ನೋಡಾಣ. ಆಮೇಲೆ ಪೆಟ್ರೋಲು’ ಅಂದರು.

ಪಾಯಿಂಟ್ ಗ್ಯಾಪ್, ಟೈಮಿಂಗ್, ಪ್ಲಗ್ಗು, ಟ್ಯಾಪೆಟ್, ಕೊನೆಗೆ ನಾಲ್ಕೂ ಸಿಲಿಂಡರಿನ ಕಂಪ್ರೆಷನ್. ಒಂದು ಗಂಟೆ ಇದರಲ್ಲೇ ಹೋಯಿತು. ಆಗ ಸ್ವಲ್ಪ ಚಡಪಡಿಸಿದ್ದೆ. ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ. ಪಾಯಿಂಟ್ ಸುಟ್ಟಿದ್ದರೂ, ಕಂಡೆನ್ಸರ್ ಸತ್ತಿದ್ದರೂ, ವಾಲ್ವ್ ಸರಿಯಾಗಿ ಕೂರದಿದ್ದರೂ ಕಾರು ಆಡುವ ಆಟ ಒಂದೇ ತರಹ: ಜಗ್ಗುತ್ತದೆ, ಎಳೆಯುವುದಿಲ್ಲ, ನಿಲ್ಲುತ್ತದೆ. ಅದನ್ನು ಪೆಟ್ರೋಲಿನ ದೋಷ ಅಂದುಕೊಂಡು ಜೆಟ್ ಬದಲಿಸಲು ಹೊರಟರೆ ಎರಡೂ ಕೆಡುತ್ತವೆ. ನಮ್ಮ ಕಾರಿನಲ್ಲಿ ಕರೆಂಟು ಸರಿಯಿತ್ತು, ಕಂಪ್ರೆಷನ್ನೂ ಸರಿಯಿತ್ತು.

ಮೇಸ್ತ್ರಿ ಸ್ಲೋ ಸ್ಪೀಡ್ ಸ್ಕ್ರೂ ಬಿಗಿ ಮಾಡಿ ಎಂಜಿನ್ ನಿಲ್ಲದಂತೆ ಇಟ್ಟರು. ನಂತರ ಹದ ತಿದ್ದುವ ಮಿಕ್ಸ್‌ಚರ್ ಸ್ಕ್ರೂವನ್ನು ಒಳಗೆ ತಿರುಗಿಸಿದರು, ಹೊರಗೆ ತಿರುಗಿಸಿದರು. ಎಂಜಿನ್ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಇದೇ ಮೊದಲ ಸುಳಿವು. ಆ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟಿಸಿ, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ, ಆಮೇಲೆ ಅತ್ತಿತ್ತ ಕಾಲು ಕಾಲು ಸುತ್ತು ಆಡಿಸಿದರೆ ಎಂಜಿನ್ ಎಲ್ಲೋ ಒಂದು ಕಡೆ ಹಗುರಾಗಬೇಕು. ಆಗದಿದ್ದರೆ ಸ್ಲೋ ಸ್ಪೀಡಿನಲ್ಲಿ ಪೆಟ್ರೋಲ್ ಕೊಡುವ ಐಡ್ಲಿಂಗ್ ಜೆಟ್ ಕಟ್ಟಿಕೊಂಡಿರುತ್ತದೆ, ಇಲ್ಲವೇ ಬಟರ್‌ಫ್ಲೈ ಆಗಲೇ ಅತಿಯಾಗಿ ತೆರೆದಿರುತ್ತದೆ, ಅದೂ ಇಲ್ಲವೆಂದರೆ ಬೇರೆಲ್ಲಿಂದಲೋ ಗಾಳಿ ಬರುತ್ತಿರುತ್ತದೆ.

ಮೇಸ್ತ್ರಿ ಹಳೆಯ ಎಣ್ಣೆಗಿಂಡಿ ತರಿಸಿದರು. ಉದ್ದ ಮೂತಿಯ, ತಳ ಒತ್ತಿದರೆ ಟಕ್ ಎನ್ನುವ ತಗಡಿನ ಗಿಂಡಿ. ಕಾರ್ಬೊರೇಟರ್ ಮ್ಯಾನಿಫೋಲ್ಡಿನ ಮೇಲೆ ಕೂರುವ ಜಾಗದ ಸುತ್ತ ಹನಿ ಹನಿಯಾಗಿ ಎಂಜಿನ್ ಆಯಿಲ್ ಬಿಡುತ್ತ ಬಂದರು. ಮುಂದಿನ ಅಂಚಿನಲ್ಲಿ ಎಣ್ಣೆ ಹಾಗೇ ನಿಂತಿತು. ಎಡಗಡೆಯೂ ನಿಂತಿತು. ಹಿಂದಿನ ಅಂಚಿಗೆ ಬಂದಾಗ ಹನಿ ಬಿದ್ದದ್ದೇ ಕಾಣಲಿಲ್ಲ, ಯಾರೋ ಒಳಗಿನಿಂದ ಹೀರಿಕೊಂಡ ಹಾಗೆ ಸೊರ್ ಎಂದು ಮಾಯವಾಯಿತು. ಅದೇ ಹೊತ್ತಿಗೆ ಎಂಜಿನ್ ಸದ್ದು ದಪ್ಪವಾಗಿ, ಸ್ಥಿರವಾಗಿ, ಎಣ್ಣೆ ತೀರಿದ ಮೇಲೆ ಮತ್ತೆ ಹಗುರಾಗಿ ತೊದಲಿತು. ಸೈಲೆನ್ಸರಿನಲ್ಲಿ ಚೂರು ನೀಲಿ ಹೊಗೆ.

‘ನೋಡಿ ಸಾರ್, ಇಲ್ಲಿ ಗಾಳಿ ಕುಡೀತೈತೆ.’

ಕೆಲವರು ಇದೇ ಪರೀಕ್ಷೆಗೆ ಪೆಟ್ರೋಲ್ ಚಿಮುಕಿಸುತ್ತಾರೆ, ಉರಿಯುವ ಸ್ಪ್ರೇ ಹೊಡೆಯುತ್ತಾರೆ. ದಯವಿಟ್ಟು ಬೇಡ. ಬಿಸಿ ಎಂಜಿನ್ ಮೇಲೆ, ಕಿಡಿ ಹಾರುವ ವೈರಿನ ಪಕ್ಕದಲ್ಲಿ ಪೆಟ್ರೋಲ್ ಹನಿಸುವುದು ಕಾರನ್ನೂ ಕೈಯನ್ನೂ ಸುಟ್ಟುಕೊಳ್ಳುವ ದಾರಿ. ಏರ್ ಫಿಲ್ಟರ್ ತೆಗೆದಿಟ್ಟು ಎಂಜಿನ್ ಓಡಿಸುವಾಗ ಬ್ಯಾಕ್‌ಫೈರ್ ಆದರೆ ಬೆಂಕಿ ಮೇಲಕ್ಕೆ ಚಿಮ್ಮುತ್ತದೆ, ಮುಖ ಬಗ್ಗಿಸಿಕೊಂಡು ನೋಡುತ್ತಿರಬಾರದು. ಕಾರ್ಬೊರೇಟರ್ ಕೆಲಸ ಮಾಡುವ ಜಾಗದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಒಂದು ಕೈಗೆಟುಕುವಂತಿರಲಿ.

ಕಾರ್ಬೊರೇಟರ್ ಬಿಚ್ಚಿ ತಳ ನೋಡಿದೆವು. ಅದರ ಎರಡು ಪಕ್ಕ ಕಿವಿಗಳಂತೆ ಚಾಚಿದ ಭಾಗಗಳಿಗೆ ತೂತು ಇರುತ್ತದೆ, ಅಲ್ಲೇ ನಟ್ಟು ಬಿಗಿಯುವುದು. ಮೇಸ್ತ್ರಿಯ ಮಗ ಕಿಟಕಿಯ ದಪ್ಪ ಗಾಜಿನ ತುಂಡಿನ ಮೇಲೆ ಎಮರಿ ಪೇಪರ್ ಹಾಸಿ, ತಳವನ್ನು ಅದರ ಮೇಲಿಟ್ಟು ನಾಲ್ಕು ಸಲ ಮೆಲ್ಲಗೆ ಸುತ್ತಿಸಿ ತಿಕ್ಕಿದ. ತಿರುಗಿಸಿ ನೋಡಿದರೆ ಎರಡು ಕಿವಿಗಳು ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದವು. ನಡುವಿನ ಭಾಗಕ್ಕೆ ಎಮರಿ ತಾಗಿಯೇ ಇರಲಿಲ್ಲ. ಅಂದರೆ ಕಿವಿಗಳು ಕೆಳಕ್ಕೆ ಬಾಗಿದ್ದವು. ಡಬ್ಬಿಯ ಜೊತೆ ಬಂದ ಪ್ಯಾಕಿಂಗ್ ಮೆತ್ತಗೆ, ದಪ್ಪಗೆ ಇತ್ತು. ಸೋರಬಾರದೆಂದು ನಾನು ನಟ್ಟನ್ನು ಬಲವಾಗಿ ಬಿಗಿದಿದ್ದೆ. ಮೆದು ಎರಕದ ಲೋಹ ನನ್ನ ಬಲಕ್ಕೆ ಬಾಗಿತ್ತು. ಹೆಚ್ಚು ಬಿಗಿದಷ್ಟೂ ಹೆಚ್ಚು ಸೋರುವ ಜೋಡಣೆ ಅದು. ಅರ್ಧ ಗಂಟೆ ತಾಳ್ಮೆಯಿಂದ ತಿಕ್ಕಿ ಇಡೀ ತಳ ಒಂದೇ ಸಮ ಹೊಳೆಯುವಂತೆ ಮಾಡಿದ. ತೆಳು ಪ್ಯಾಕಿಂಗ್ ಕತ್ತರಿಸಿ ಹಾಕಿ, ಎರಡೂ ನಟ್ಟನ್ನು ಒಂದಾದ ಮೇಲೊಂದು ಅರ್ಧರ್ಧ ಸುತ್ತು ಬಿಗಿದ. ಸ್ಲೋ ಸ್ಪೀಡ್ ನಿಂತಿತು. ಮಿಕ್ಸ್‌ಚರ್ ಸ್ಕ್ರೂ ಮಾತು ಕೇಳತೊಡಗಿತು.

ಬದಲಿ ಕಾರ್ಬೊರೇಟರ್ ಹಾಕಿದ ಕಾರುಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವು ಹೀಗೆ ಕಾರ್ಬೊರೇಟರಿನ ಒಳಗಿರಲಿಲ್ಲ. ಅದು ಕಾರಿನ ಜೊತೆ ಕೂಡುವ ಜಾಗಗಳಲ್ಲಿದ್ದವು. ಪ್ಯಾಕಿಂಗ್ ತೂತು ಚಿಕ್ಕದಾಗಿ ಕಾಗದದ ಅಂಚು ಗಾಳಿಯ ದಾರಿಗೆ ಚಾಚಿಕೊಂಡಿರುತ್ತದೆ. ಲೀವರ್ ಉದ್ದ ಬೇರೆಯಾಗಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಬಟರ್‌ಫ್ಲೈ ಮುಕ್ಕಾಲೇ ತೆರೆಯುತ್ತದೆ. ಇದಕ್ಕೆ ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ಎಂಜಿನ್ ಬಂದ್ ಇರುವಾಗ ಪೆಡಲ್ ಪೂರ್ತಿ ಒತ್ತಿಸಿ ಮೇಲಿನಿಂದ ಇಣುಕಿದರೆ ಸಾಕು. ‘ಕಾರು ಎಳೀತಿಲ್ಲ’ ಎಂದು ತಿಂಗಳುಗಟ್ಟಲೆ ಜೆಟ್ ಬದಲಿಸಿದ ಪರಿಚಿತರೊಬ್ಬರಿಗೆ ಕೊನೆಗೆ ಬೇಕಾದದ್ದು ಒಂದಿಂಚಿನ ಕೊಂಡಿ. ಕೆಲವು ಹೊಸ ಮಾದರಿಗಳಲ್ಲಿ ಐಡ್ಲಿಂಗ್ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಸೊಲೆನಾಯ್ಡ್ ಇರುತ್ತದೆ. ಅದಕ್ಕೆ ಕೀಲಿಯಿಂದ 12 ವೋಲ್ಟ್ ವೈರ್ ಕೊಡದಿದ್ದರೆ ಕಾಲು ತೆಗೆದ ಕ್ಷಣ ಕಾರು ಸಾಯುತ್ತದೆ. ಮಾರುತಿ 800 ಕಾಲದ ಕಾರುಗಳಲ್ಲಿ ವ್ಯಾಕ್ಯೂಮ್ ಪೈಪುಗಳ ಗೊಂಚಲೇ ಇರುವುದರಿಂದ, ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಿಟ್ಟುಕೊಳ್ಳಬೇಕು.

ನಮ್ಮ ಕಾರಿನ ಎರಡನೆಯ ತೊಂದರೆ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಮಸಿ. ಫ್ಲೋಟ್ ಇರುವ ತೊಟ್ಟಿಗೆ ಪೆಟ್ರೋಲ್ ಬರುವ ಬಾಯಲ್ಲಿ ಒಂದು ಸಣ್ಣ ಸೂಜಿ ಇರುತ್ತದೆ. ತೊಟ್ಟಿ ತುಂಬಿದಾಗ ಫ್ಲೋಟ್ ಮೇಲೆದ್ದು ಆ ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ, ನಮ್ಮ ಮನೆಯ ಸಿಂಟೆಕ್ಸ್ ಟ್ಯಾಂಕಿನ ಬಾಲ್ ವಾಲ್ವ್ ಹಾಗೆ. ಈ ಸೂಜಿಯ ಜೋಡಣೆಯ ಕೆಳಗೆ ಹಾಕುವ ವಾಷರಿನ ದಪ್ಪವೇ ತೊಟ್ಟಿಯಲ್ಲಿ ಪೆಟ್ರೋಲ್ ಎಷ್ಟು ಎತ್ತರ ನಿಲ್ಲಬೇಕೆಂದು ತೀರ್ಮಾನಿಸುತ್ತದೆ. ಹಳೆಯದರ ವಾಷರನ್ನು ಉಗುರಿನಿಂದ ಕಿತ್ತು ಹೊಸದರ ವಾಷರಿನ ಪಕ್ಕ ಇಟ್ಟೆ. ಹಳೆಯದರ ಅರ್ಧದಷ್ಟೂ ದಪ್ಪವಿರಲಿಲ್ಲ ಹೊಸದು. ತೆಳುವಾದಷ್ಟೂ ಸೂಜಿ ಎತ್ತರಕ್ಕೆ ಹೋಗುತ್ತದೆ, ಪೆಟ್ರೋಲ್ ಮಟ್ಟವೂ ಏರುತ್ತದೆ, ಗಾಳಿ ಎಳೆಯದಿದ್ದಾಗಲೂ ಜೆಟ್ ಬಾಯಿಂದ ತೊಟ್ಟಿಕ್ಕುತ್ತದೆ. ಹಳೆಯ ವಾಷರ್ ಹಾಕಿದೆ, ವಾಸನೆ ನಿಂತಿತು. ಹಳೆಯ ಕಾರ್ಬೊರೇಟರ್ ನನಗೆ ಕೊಟ್ಟ ಮೊದಲ ಸಾಕ್ಷ್ಯ ಅದು.

ಇಷ್ಟೆಲ್ಲ ಮಾಡುವಾಗ ಒಂದು ಪಟ್ಟು ಬಿಡದೆ ಹಿಡಿದೆ. ಒಮ್ಮೆಗೆ ಒಂದನ್ನೇ ಮುಟ್ಟಬೇಕು, ಮುಟ್ಟಿದ್ದನ್ನು ಪುಸ್ತಕದಲ್ಲಿ ಬರೆಯಬೇಕು, ಹತ್ತು ಕಿಲೋಮೀಟರ್ ಓಡಿಸಿ ನೋಡಬೇಕು. ವಾಷರನ್ನೂ ಜೆಟ್ಟನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಏನಾಯಿತೆಂದು ಇವತ್ತಿಗೂ ತಿಳಿಯುತ್ತಿರಲಿಲ್ಲ.

ಜೆಟ್ಟಿನ ಕಥೆ ಇದಕ್ಕಿಂತ ದೊಡ್ಡದು. ಸೋಲೆಕ್ಸ್ ಮೈನ್ ಜೆಟ್ಟಿನ ಮೇಲೆ ಒಂದು ನಂಬರ್ ಕೊರೆದಿರುತ್ತಾರೆ. ತೂತಿನ ಅಗಲವನ್ನು ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ ಹೇಳುವ ನಂಬರ್ ಅದು. 120 ಎಂದಿದ್ದರೆ ತೂತು 1.20 ಮಿ.ಮೀ. ಅದು 1.25 ಆದರೆ ಅಗಲ ಹೆಚ್ಚಿದ್ದು ಕೂದಲಿನ ದಪ್ಪದಷ್ಟು ಮಾತ್ರ. ತೂತಿನ ವಿಸ್ತೀರ್ಣ ಮಾತ್ರ ಶೇ 8.5ರಷ್ಟು ಹೆಚ್ಚುತ್ತದೆ, ಪೆಟ್ರೋಲೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಹರಿಯುತ್ತದೆ. ಕಟ್ಟಿಕೊಂಡ ಜೆಟ್ಟಿಗೆ ತಂತಿ ತೂರಿಸಿ ಕೆರೆಯಬಾರದು ಎನ್ನುವುದು ಈ ಕಾರಣಕ್ಕೆ. ನಾಲ್ಕು ಸಲ ಕೆರೆದರೆ ಹಿತ್ತಾಳೆ ಸವೆದು ನಂಬರ್ ಸುಳ್ಳಾಗುತ್ತದೆ. ಗಾಳಿ ಹೊಡೆಸಿ, ಇಲ್ಲವೇ ಕಾರ್ಬೊರೇಟರ್ ಕ್ಲೀನರಿನಲ್ಲಿ ನೆನೆಸಿಟ್ಟು ತೊಳೆಯಬೇಕು.

ನಕಲು ಕಾರ್ಬೊರೇಟರಿನ ಜೆಟ್ ಮೇಲಿನ ನಂಬರನ್ನು ಅಷ್ಟಾಗಿ ನಂಬಲಾಗದು ಎಂದು ಮೇಸ್ತ್ರಿ ಹೇಳಿದ್ದರಿಂದ ಹಳೆಯದರ ಜೆಟ್ಟನ್ನೇ ಬಿಚ್ಚಿ ಹೊಸದಕ್ಕೆ ಹಾಕಿದೆ. ಎರಡೂ ಒಂದೇ ಮರೆಗೆ ಕೂತವು. ಆಗಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯ ಜೆಟ್ಟಿನ ನಂಬರ್ ಕಾರಿನ ಪುಸ್ತಕದಲ್ಲಿ ಕೊಟ್ಟಿದ್ದಕ್ಕಿಂತ ಐದು ಕಡಿಮೆ. ಯಾರೋ ಯಾವಾಗಲೋ ಬದಲಿಸಿದ್ದಾರೆ ಅಂದುಕೊಂಡು ಸುಮ್ಮನಾದೆ. ಹಾಸನದಲ್ಲಿ ಕಾರು ಓಡಿತು. ಏರಿನಲ್ಲಿ ಸ್ವಲ್ಪ ಸೋಲುತ್ತಿತ್ತು, ವಯಸ್ಸಾಯಿತಲ್ಲ ಎಂದುಕೊಂಡೆ.

ಏಪ್ರಿಲ್ ತಿಂಗಳು ಪುತ್ತೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದೆವು. ಗುಂಡ್ಯ ಕಳೆದು ನೆಲ್ಯಾಡಿಯ ಸಮತಟ್ಟು ಬಂದ ಮೇಲೆ ಕಾರಿನ ಚಹರೆಯೇ ಬದಲಾಯಿತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಜಗ್ಗು. ಮೂರನೇ ಗೇರಿನಲ್ಲಿ ಎಂಜಿನ್ನಿನಿಂದ ಕಿಣಿಕಿಣಿ ಸದ್ದು. ಮೇಸ್ತ್ರಿ ಹೇಳಿಕೊಟ್ಟಿದ್ದ ಒಂದು ಉಪಾಯ ನೆನಪಾಯಿತು. ಓಡುತ್ತಿರುವಾಗಲೇ ಚೋಕ್ ಗುಂಡಿಯನ್ನು ಕಾಲು ಭಾಗ ಎಳೆದೆ. ಯಾರೋ ಬೆನ್ನಿಗೆ ಕೈ ಕೊಟ್ಟು ತಳ್ಳಿದ ಹಾಗೆ ಕಾರು ಮುಂದಕ್ಕೆ ಹೋಯಿತು. ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಳೆದಾಗ ಕಾರು ಸುಧಾರಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ, ಇನ್ನೂ ಕೆಟ್ಟರೆ ಆಗಲೇ ಹೆಚ್ಚಿದೆ ಎಂದರ್ಥ. ಒಂದು ಪೈಸೆ ಖರ್ಚಿಲ್ಲದ ಈ ಪರೀಕ್ಷೆಯಷ್ಟು ಉಪಯೋಗದ್ದು ನನಗೆ ಬೇರೆ ಸಿಕ್ಕಿಲ್ಲ.

ಹಾಸನದಲ್ಲಿ ಸಾಲುತ್ತಿದ್ದ ಪೆಟ್ರೋಲ್ ನೆಲ್ಯಾಡಿಯಲ್ಲಿ ಯಾಕೆ ಸಾಲಲಿಲ್ಲ? ಹಾಸನ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಹತ್ತಿರದ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಶೇ 9ರಷ್ಟು ತೆಳು. ಕಾರ್ಬೊರೇಟರಿಗೆ ಗಾಳಿಯ ತೂಕ ಗೊತ್ತಾಗುವುದಿಲ್ಲ, ಅದು ಎಳೆತಕ್ಕೆ ತಕ್ಕಂತೆ ಪೆಟ್ರೋಲ್ ಬಿಡುತ್ತದೆ. ಹಾಗಾಗಿ ಘಾಟಿಯ ಮೇಲೆ ಮಿಶ್ರಣ ಸುಮಾರು ಶೇ 5ರಷ್ಟು ಗಟ್ಟಿಯಾಗುತ್ತದೆ, ಕೆಳಗೆ ಇಳಿದರೆ ಅಷ್ಟೇ ತೆಳುವಾಗುತ್ತದೆ. ಪದ್ಮಿನಿ ಹುಟ್ಟಿದ ಮುಂಬೈ ಕಡಲ ದಂಡೆಯ ಊರು. ಹಾಸನಕ್ಕೆ ಬಂದ ಕಾರಿಗೆ ಪುಸ್ತಕದ ಜೆಟ್ ಸ್ವಲ್ಪ ದೊಡ್ಡದೇ ಆಯಿತು. ಅದನ್ನು ಯಾರೋ ತಿಳಿದವರು ಐದು ನಂಬರ್ ಇಳಿಸಿದ್ದರು. ಆ ಕಾಲಕ್ಕೆ ಅದು ಸರಿಯಾದ ಕೆಲಸ.

ಆದರೆ ಆ ಕಾಲದ ಪೆಟ್ರೋಲ್ ಈಗಿಲ್ಲ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಪ್ರಧಾನಿ ನರೇಂದ್ರ ಮೋದಿ ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಕೊಟ್ಟರು. ಮೊದಲಿಗೆ 84 ಬಂಕುಗಳಲ್ಲಿದ್ದದ್ದು 2025ರ ಹೊತ್ತಿಗೆ ದೇಶದ ಸಾಮಾನ್ಯ ಪೆಟ್ರೋಲೇ ಆಯಿತು. ಕಬ್ಬು ಬೆಳೆಯುವ ನಮ್ಮ ರಾಜ್ಯಕ್ಕೆ ಅದರಿಂದ ಒಳಿತಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಹಳೆಯ ಕಾರ್ಬೊರೇಟರಿಗೆ ಮಾತ್ರ ಲೆಕ್ಕ ಬದಲಾಯಿತು. ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡ ದ್ರವ. ಒಂದು ಕಿಲೋ ಎಥನಾಲ್ ಉರಿಯಲು ಒಂಬತ್ತು ಕಿಲೋ ಗಾಳಿ ಸಾಕು. ಶೇ 20ರಷ್ಟು ಬೆರೆಸಿದ ಪೆಟ್ರೋಲಿಗೆ ಬೇಕಾದ ಗಾಳಿ 14.7ರಿಂದ ಸುಮಾರು 13.5 ಕಿಲೋಗೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಶೇ 8ರಷ್ಟು ಹೆಚ್ಚು ದ್ರವ ಹರಿಯಬೇಕು. ಹೊಸ ಕಾರುಗಳಲ್ಲಿ ಸೆನ್ಸರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಹಿತ್ತಾಳೆ ತೂತು ಹಾಗೆ ಹಿಗ್ಗುವುದಿಲ್ಲ.

ಪುತ್ತೂರಿನ ಜಗಲಿಯಲ್ಲಿ ಕೂತು ಈ ಲೆಕ್ಕವನ್ನು ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದೆ. ಜೆಟ್ ಐದು ನಂಬರ್ ಚಿಕ್ಕದು, ಶೇ 8 ಕಡಿಮೆ. ಎಥನಾಲಿನಿಂದ ಇನ್ನೊಂದು ಶೇ 8 ಕಡಿಮೆ. ಹಾಸನದ ಎತ್ತರ ಶೇ 5ರಷ್ಟನ್ನು ವಾಪಸ್ ಕೊಟ್ಟು ಕಾರನ್ನು ಹೇಗೋ ನಡೆಸುತ್ತಿತ್ತು, ಘಾಟಿ ಇಳಿದಾಗ ಆ ಆಸರೆಯೂ ಹೋಯಿತು. ಊರಿಗೆ ಬಂದು ಪುಸ್ತಕದಲ್ಲಿದ್ದ ನಂಬರಿನ ಒಳ್ಳೆಯ ಜೆಟ್ ಹುಡುಕಿ ಹಾಕಿದೆ. ಏರಿನಲ್ಲಿ ಸೋಲುತ್ತಿದ್ದದ್ದು ವಯಸ್ಸಿಗಲ್ಲ ಎಂದು ಆಗ ತಿಳಿಯಿತು. ಪ್ಲಗ್ಗಿನ ತುದಿ ಹಾಲು ಹೆಚ್ಚಿಗೆ ಹಾಕಿದ ಕಾಫಿಯ ಬಣ್ಣಕ್ಕೆ ಬಂತು.

ಹಳೆಯದನ್ನು ಕಣ್ಣುಮುಚ್ಚಿ ನಕಲು ಮಾಡಿದ್ದು ನನ್ನ ತಪ್ಪು. ಅದು ಹೇಳುತ್ತಿದ್ದದ್ದು ತನ್ನ ಕಾಲದ ಪೆಟ್ರೋಲಿನ ಸತ್ಯವನ್ನು. ಹಾಗಿದ್ದರೂ ಅದು ಕೈಯಲ್ಲಿ ಇದ್ದದ್ದರಿಂದಲೇ, ಆ ಐದು ನಂಬರಿನ ವ್ಯತ್ಯಾಸ ಕಂಡದ್ದರಿಂದಲೇ ಲೆಕ್ಕ ಕೂಡಿ ಬಂತು.

ಪುತ್ತೂರಿನಿಂದ ವಾಪಸ್ ಬರುವ ದಾರಿಯಲ್ಲಿ ಇನ್ನೊಂದು ತೊಂದರೆ ಕಂಡಿತ್ತು. ಗುಂಡ್ಯದಲ್ಲಿ ಕಾಫಿ ಕುಡಿದು ಹದಿನೈದು ನಿಮಿಷ ಬಿಟ್ಟು ಬಂದರೆ ಕಾರು ಸ್ಟಾರ್ಟ್ ಆಗಲಿಲ್ಲ. ಬಾನೆಟ್ ಎತ್ತಿದರೆ ಕಾರ್ಬೊರೇಟರ್ ಮುಟ್ಟಲಾಗದಷ್ಟು ಬಿಸಿ. ಹೋಟೆಲಿನವರು ಕೇಳುವ ಮೊದಲೇ ಒದ್ದೆ ಬಟ್ಟೆ ತಂದುಕೊಟ್ಟರು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಘಾಟಿ ಬುಡದ ಹೋಟೆಲುಗಳಲ್ಲಿ ಎಂಜಿನ್ನಿನ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ದಿನನಿತ್ಯದ ನೋಟ. ಬಟ್ಟೆ ಸುತ್ತಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದ ಮೇಲೆ ಎದ್ದಿತು. ಓಡುತ್ತಿರುವಾಗ ತಣ್ಣನೆಯ ಪೆಟ್ರೋಲ್ ಹರಿಯುತ್ತಲೇ ಇರುವುದರಿಂದ ಕಾರ್ಬೊರೇಟರ್ ತಂಪಾಗಿರುತ್ತದೆ. ನಿಲ್ಲಿಸಿದ ಮೇಲೆ ಎಂಜಿನ್ನಿನ ಕಾವು ಮೇಲೇರಿ ತೊಟ್ಟಿಯ ಪೆಟ್ರೋಲನ್ನು ಕುದಿಸುತ್ತದೆ. ಇದನ್ನು ತಡೆಯಲೆಂದೇ ಮ್ಯಾನಿಫೋಲ್ಡ್ ಮತ್ತು ಕಾರ್ಬೊರೇಟರ್ ನಡುವೆ ಬೇಕಲೈಟಿನ ದಪ್ಪ ತುಂಡೊಂದು ಇರುತ್ತದೆ, ಕಾವು ದಾಟದಂತೆ. ಹೊಸದನ್ನು ಕೂರಿಸುವಾಗ ‘ಇದೇನೋ ಹಳೆ ಪ್ಯಾಕಿಂಗು’ ಎಂದು ನಾನೇ ತೆಗೆದಿಟ್ಟಿದ್ದೆ. ಹಳೆಯ ಕಾರ್ಬೊರೇಟರಿನ ಡಬ್ಬಿಯಲ್ಲೇ ಸಿಕ್ಕಿತು. ವಾಪಸ್ ಹಾಕಿದೆ.

ಕೊನೆಯ ಹದ ಮಾಡಿದ್ದು ಎಮಿಷನ್ ಟೆಸ್ಟ್ ಮಾಡುವ ಅಂಗಡಿಯಲ್ಲಿ. ಸರ್ಟಿಫಿಕೇಟ್ ತೆಗೆಯುವ ಕಾಟ ಎಂದು ನಾವು ಅಲ್ಲಿಗೆ ಹೋಗುತ್ತೇವೆ. ಕಾರ್ಬೊರೇಟರ್ ಕಾರಿಟ್ಟವರಿಗೆ ಆ ಯಂತ್ರದಷ್ಟು ಒಳ್ಳೆಯ ಗೆಳೆಯ ಇಲ್ಲ. ಇಷ್ಟು ಹಳೆಯ ಪೆಟ್ರೋಲ್ ಕಾರುಗಳಿಗೆ ಸ್ಲೋ ಸ್ಪೀಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3 ದಾಟಬಾರದೆಂಬ ನಿಯಮವಿದೆ. ಸೈಲೆನ್ಸರಿಗೆ ನಳಿಗೆ ಹಾಕಿಸಿ, ಅಲ್ಲಿನ ಹುಡುಗನನ್ನು ಐದು ನಿಮಿಷ ಕಾಯಲು ಕೇಳಿಕೊಂಡು, ಪರದೆಯ ಅಂಕಿ ನೋಡುತ್ತ ಮಿಕ್ಸ್‌ಚರ್ ಸ್ಕ್ರೂ ತಿರುಗಿಸಿದೆ. ಕಿವಿಗೆ ‘ಇದು ಸರಿ’ ಎನಿಸಿದ ಜಾಗದಲ್ಲಿ ಅಂಕಿ ಶೇ 4ರ ಮೇಲಿತ್ತು. ಕಾಲು ಸುತ್ತು ಒಳಕ್ಕೆ ಹಾಕಿದಾಗ ಎರಡರ ಆಸುಪಾಸಿಗೆ ಬಂತು, ಸದ್ದಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಆ ಕಾಲು ಸುತ್ತಿನಷ್ಟು ವಿಷವನ್ನು ನಮ್ಮ ಬೀದಿಗೆ ಬಿಡುತ್ತಿದ್ದೆನಲ್ಲ ಎನ್ನಿಸಿ ಮನಸ್ಸಿಗೆ ಕಸಿವಿಸಿಯಾಯಿತು.

ಭಾರತದ ಕಾರುಗಳಿಂದ ಕಾರ್ಬೊರೇಟರ್ 2000ದ ಸುಮಾರಿಗೆ ಮರೆಯಾಗತೊಡಗಿತು. 2020ರ ಬಿಎಸ್-6 ನಿಯಮ ಬಂದ ಮೇಲೆ ಬೈಕುಗಳಿಂದಲೂ ಬಹುಪಾಲು ಹೋಯಿತು. ಮೇಸ್ತ್ರಿಯ ಮಗನಿಗೆ ಈ ಕೆಲಸ ಬರುತ್ತದೆ. ಮೊಮ್ಮಗ ಲ್ಯಾಪ್‌ಟಾಪ್ ಹಿಡಿದು ಸ್ಕ್ಯಾನ್ ಮಾಡುತ್ತಾನೆ, ಅದೂ ಬೇಕಾದ ವಿದ್ಯೆಯೇ. ಎಣ್ಣೆಗಿಂಡಿಯ ಟಕ್ ಸದ್ದಿನಲ್ಲಿ ಗಾಳಿಯ ಸೋರಿಕೆ ಹುಡುಕುವುದನ್ನು ಕಲಿಯಲು ಮಾತ್ರ ಹಳೆಯ ಕಾರೊಂದು ಎದುರಿಗೆ ಇರಬೇಕು, ಅದರ ಮೂಲ ಭಾಗಗಳೂ ಇರಬೇಕು. ಸವೆದ ಸ್ಪಿಂಡಲ್ ತೂತಿಗೆ ಹಿತ್ತಾಳೆ ಬುಷ್ ಹಾಕಿಸಬಹುದು. ಒಳ್ಳೆಯ ಲೇತ್ ಅಂಗಡಿಯವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ನಮ್ಮ ಹಳೆಯದಕ್ಕೆ ಹಾಗೆ ಮಾಡಿಸಿದೆ. ಈಗ ಕಂಬಿ ಅಲುಗುವುದಿಲ್ಲ. ಹೊಸ ಕಾರ್ಬೊರೇಟರ್ ಹಾಕುವ ಬದಲು ಮೊದಲೇ ಇದನ್ನು ಮಾಡಿಸಬೇಕಿತ್ತು ಎಂದು ನಾನೀಗ ಖಚಿತವಾಗಿ ಹೇಳಬಲ್ಲೆ.

ಒಂದು ತೊಂದರೆ ಇನ್ನೂ ಉಳಿದಿದೆ. ಆಕ್ಸಿಲರೇಟರ್ ಪಂಪಿನ ರಬ್ಬರ್ ಡಯಾಫ್ರಂ ಎಥನಾಲಿಗೆ ಉಬ್ಬುತ್ತದೆ. ಫಿಲ್ಟರ್ ತೆಗೆದು ಲೀವರ್ ಎಳೆದಾಗ ಒಳಗೆ ಪೆಟ್ರೋಲ್ ಸೂಜಿಯಂತೆ ಚಿಮ್ಮಬೇಕು. ಈಗ ಹನಿಯುತ್ತದೆ, ಸಿಗ್ನಲ್ ಬಿಟ್ಟಾಗ ಕಾರು ಒಮ್ಮೆ ತಡವರಿಸುತ್ತದೆ. ಎಥನಾಲ್ ತಡೆಯುವ ರಬ್ಬರಿನದು ಹುಡುಕುತ್ತಿದ್ದೇನೆ.

ಹೋದ ವಾರ ಡ್ಯಾಶ್‌ಬೋರ್ಡ್ ಗೂಡು ಖಾಲಿ ಮಾಡುವಾಗ ಕಾರಿನ ಪುಸ್ತಕದ ಕೊನೆಯ ಹಾಳೆ ನೋಡಿದೆ. ಸರ್ವಿಸ್ ಲೆಕ್ಕಗಳ ನಡುವೆ ಅಪ್ಪನ ಓರೆ ಅಕ್ಷರದಲ್ಲಿ ಒಂದು ಸಾಲಿತ್ತು: ‘ಮೈನ್ ಜೆಟ್ 5 ಕಮ್ಮಿ ಹಾಕಿಸಿದೆ. ಘಾಟಿ ಕೆಳಗೆ ಹೋಗುವಾಗ ಹಳೇದು ಜೊತೆಗಿರಲಿ.’ ಅದರ ಕೆಳಗೆ ಜಾಗ ಇತ್ತು. ದಿನಾಂಕ ಹಾಕಿ ಹೊಸ ಜೆಟ್ ನಂಬರ್, ವಾಷರಿನ ದಪ್ಪ, ಸ್ಕ್ರೂ ಎಷ್ಟು ಸುತ್ತು ಹೊರಗಿದೆ ಎಂಬುದನ್ನು ಬರೆದಿಟ್ಟೆ.